ಈ ನಾಣ್ಯಕ್ಕೆ ಎಷ್ಟು ಸಿಗುತ್ತೆ?

1962ರವರೆಗೆ ಅಮೆರಿಕದ ನಾಣ್ಯ ಸಂಗ್ರಾಹಕರು 1903ರ ಒಂದು ಬೆಳ್ಳಿ ಡಾಲರಿಗಾಗಿ ಹಾತೊರೆಯುತ್ತಿದ್ದರು. ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯ ಅದು. ಹಿಂಬದಿಯಲ್ಲಿ ಆ ಟಂಕಸಾಲೆಯ ಪುಟ್ಟದೊಂದು ‘ಓ’ ಗುರುತು. ಚಲಾವಣೆಗೆ ಹೋಗದೆ ಹೊಸದಾಗಿಯೇ ಉಳಿದ ಪ್ರತಿಗೆ ಕ್ಯಾಟಲಾಗಿನಲ್ಲಿ 1,500 ಡಾಲರ್ ಬೆಲೆ ಹಾಕಿದ್ದರು. ಅದೂ ಆ ಕಾಲದ 1,500. ಆ ವರ್ಷದ ಕೊನೆಗೆ, ಕ್ರಿಸ್‌ಮಸ್ ಹತ್ತಿರ ಬಂದಾಗ, ಬೆಳ್ಳಿ ಡಾಲರಿಗೆ ಬೇಡಿಕೆ ಇದೆ ಅಂತ ಸರ್ಕಾರ ಫಿಲಡೆಲ್ಫಿಯಾ ಟಂಕಸಾಲೆಯ ಒಂದು ಭದ್ರಕೋಣೆಯ ಬಾಗಿಲು ತೆಗೆಯಿತು. ಹತ್ತಾರು ವರ್ಷ ಬೀಗ ಬಿದ್ದಿದ್ದ ಕೋಣೆ. ಒಳಗೆ ಚೀಲಗಳ ರಾಶಿ. ಒಂದೊಂದು ಚೀಲದಲ್ಲಿ ಸಾವಿರ ನಾಣ್ಯ. ಅವುಗಳಲ್ಲಿ ಎಷ್ಟೋ ಚೀಲಗಳ ತುಂಬ ಇದೇ 1903ರ ‘ಓ’ ಡಾಲರ್! ಒಂದು ಡಾಲರ್ ಕೊಟ್ಟರೆ ಒಂದು ನಾಣ್ಯ. ಬ್ಯಾಂಕುಗಳ ಮೂಲಕ ಅವು ಜನರ ಕೈಗೆ ಬಂದವು. ಸಾವಿರದ ಲೆಕ್ಕದಲ್ಲಿದ್ದ ಬೆಲೆ ನೋಡನೋಡುತ್ತಲೇ ಹತ್ತರ ಲೆಕ್ಕಕ್ಕೆ ಇಳಿಯಿತು.

ಹಿಂದಿನ ದಿನ 1,500 ಬಾಳುತ್ತಿದ್ದ ನಾಣ್ಯ ಮರುದಿನವೂ ಅದೇ ನಾಣ್ಯ. ಅದೇ ತೂಕ, ಅದೇ ಬೆಳ್ಳಿ, ಅದೇ ವರ್ಷ. ಒಂದು ಗೆರೆಯೂ ಸವೆದಿರಲಿಲ್ಲ. ಎಲ್ಲೋ ದೂರದ ಒಂದು ಕೋಣೆಯಲ್ಲಿ ಅದರ ಜೊತೆಯವು ಎಷ್ಟಿವೆ ಅನ್ನುವುದು ಜನಕ್ಕೆ ಗೊತ್ತಾಯಿತು, ಅಷ್ಟೇ.

ಹಳೆಯ ನಾಣ್ಯದ ಬೆಲೆಯ ಮಾತು ಬಂದಾಗಲೆಲ್ಲ ನನಗೆ ಈ ಚೀಲಗಳು ನೆನಪಾಗುತ್ತವೆ. ಏಕೆಂದರೆ ನಾವು ಬೆಲೆಯನ್ನು ನಾಣ್ಯದ ಒಳಗೆ ಹುಡುಕುತ್ತೇವೆ. ಭೂತಗನ್ನಡಿ ಹಿಡಿದು, ತಿರುಗಿಸಿ ಮುರುಗಿಸಿ ನೋಡುತ್ತೇವೆ. ನೋಡಬೇಕು, ತಪ್ಪೇನಿಲ್ಲ. ಆದರೆ ಬೆಲೆಯ ದೊಡ್ಡ ಪಾಲು ಇರುವುದು ಹೊರಗೆ: ಇಂಥವು ಇನ್ನೂ ಎಷ್ಟು ಉಳಿದಿವೆ, ಎಷ್ಟು ಚೆನ್ನಾಗಿ ಉಳಿದಿವೆ, ಯಾರಿಗೆ ಬೇಕಾಗಿವೆ. ಈ ಮೂರೂ ನಾಣ್ಯದ ಮೇಲೆ ಬರೆದಿರುವುದಿಲ್ಲ.

ಆ ಡಾಲರ್ ಅಪರೂಪ ಅಂತ ಜನ ನಂಬಿದ್ದು ದಡ್ಡತನದಿಂದ ಅಲ್ಲ. 1903ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ 44 ಲಕ್ಷ 50 ಸಾವಿರ ಅಚ್ಚಾಗಿದ್ದವು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ 1918ರ ಪಿಟ್‌ಮನ್ ಕಾಯ್ದೆಯ ಪ್ರಕಾರ ಅಮೆರಿಕ ಸರ್ಕಾರ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿಬಿಟ್ಟಿತ್ತು. ಯಾವ ವರ್ಷದವು ಎಷ್ಟು ಕರಗಿದವು ಅಂತ ಯಾರೂ ಪಟ್ಟಿ ಮಾಡಲಿಲ್ಲ. ಮಾರುಕಟ್ಟೆಯಲ್ಲಿ 1903ರ ‘ಓ’ ಕಾಣುತ್ತಿಲ್ಲ, ಹಾಗಾಗಿ ಅವು ಕುಲುಮೆಗೆ ಹೋಗಿರಬೇಕು ಅಂತ ಸಂಗ್ರಾಹಕರು ಊಹಿಸಿದರು. ಒಪ್ಪುವಂಥ ಊಹೆಯೇ. 1,500 ಡಾಲರ್ ನಿಂತಿದ್ದದ್ದು ಆ ಊಹೆಯ ಮೇಲೆ.

ಇದಕ್ಕೆ ತಿರುಗಾ ಮುರುಗಾ ಆದದ್ದೂ ಉಂಟು. 1895ರಲ್ಲಿ ಫಿಲಡೆಲ್ಫಿಯಾದಲ್ಲಿ 12,000 ಸಾಧಾರಣ ಬೆಳ್ಳಿ ಡಾಲರ್ ಅಚ್ಚಾದವು ಅಂತ ದಾಖಲೆ ಹೇಳುತ್ತದೆ. ಇಂದಿನವರೆಗೆ ಅವುಗಳಲ್ಲಿ ಒಂದೂ ಯಾರ ಕಣ್ಣಿಗೂ ಬಿದ್ದಿಲ್ಲ. ಸಂಗ್ರಾಹಕರಿಗಾಗಿ ವಿಶೇಷವಾಗಿ ಮಾಡಿದ 880 ಪ್ರೂಫ್ ನಾಣ್ಯಗಳೇ ಆ ವರ್ಷಕ್ಕೆ ಗತಿ. ಅಂದಮೇಲೆ ‘ಎಷ್ಟು ಅಚ್ಚಾಯಿತು’ ಅನ್ನುವ ಅಂಕಿ ಒಂದು ಸುಳಿವು ಮಾತ್ರ. ನಮಗೆ ಬೇಕಾದದ್ದು ‘ಎಷ್ಟು ಉಳಿಯಿತು’ ಅನ್ನುವುದು.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ನಾಣ್ಯ ಸಿಕ್ಕಿದವರು ಮೊದಲು ಹೇಳುವ ಮಾತು “ತುಂಬಾ ಹಳೇದು” ಅಂತ. ಹಳೆಯದಾದಷ್ಟೂ ಬೆಲೆ ಜಾಸ್ತಿ ಅನ್ನುವ ನಂಬಿಕೆ ಅಷ್ಟು ಗಟ್ಟಿ. ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ಫ್ರೋಮ್ ಎಂಬಲ್ಲಿ 2010ರಲ್ಲಿ ಒಂದು ಮಡಕೆ ಸಿಕ್ಕಿತು. ಅದೊಂದೇ ಮಡಕೆಯಲ್ಲಿ 52,503 ರೋಮನ್ ನಾಣ್ಯ. ಹೆಚ್ಚಿನವು 3ನೇ ಶತಮಾನದವು. ಇಡೀ ನಿಧಿಗೆ ತಜ್ಞರು ಕಟ್ಟಿದ ಬೆಲೆ 3,20,250 ಪೌಂಡ್. ಭಾಗಿಸಿ ನೋಡಿ: ಒಂದಕ್ಕೆ ಸರಾಸರಿ ಆರು ಪೌಂಡ್ ಚಿಲ್ಲರೆ. ಅದರಲ್ಲೂ ಕೆಲವು ಅಪರೂಪದ ಬೆಳ್ಳಿ ನಾಣ್ಯಗಳೇ ದೊಡ್ಡ ಪಾಲು ನುಂಗುತ್ತವೆ. ಉಳಿದ ಸಾಮಾನ್ಯ ನಾಣ್ಯಗಳಿಗೆ ಸರಾಸರಿ ಇನ್ನೂ ಕಡಿಮೆ. ಸಾವಿರದ ಏಳುನೂರು ವರ್ಷದ ವಯಸ್ಸಿಗೆ ಸಿಕ್ಕ ಮರ್ಯಾದೆ ಅಷ್ಟು.

ಕಾರಣ ಸರಳ. ಆ ಕಾಲದಲ್ಲಿ ದುಡ್ಡಿಡಲು ನಮ್ಮಂಥ ಬ್ಯಾಂಕು ಇರಲಿಲ್ಲ. ಜನ ನೆಲದಲ್ಲಿ ಹೂತಿಡುತ್ತಿದ್ದರು. ಎಷ್ಟೋ ಜನ ತೆಗೆಯಲು ವಾಪಸ್ ಬರಲೇ ಇಲ್ಲ. ಅವರ ಕಷ್ಟಕಾಲದಿಂದಾಗಿ ಇವತ್ತಿಗೂ ರೋಮನ್ ತಾಮ್ರದ ನಾಣ್ಯ ಬುಟ್ಟಿಗಟ್ಟಲೆ ಸಿಗುತ್ತದೆ.

ಇದರ ಪಕ್ಕದಲ್ಲಿ 1933ರ ಬ್ರಿಟಿಷ್ ಪೆನ್ನಿಯನ್ನು ಇಟ್ಟು ನೋಡಿ. ವಯಸ್ಸು ನೂರು ವರ್ಷವೂ ಇಲ್ಲ. ಲೋಹ ಕಂಚು, ಮೂರು ಕಾಸಿನ ಕಂಚು. ಆ ವರ್ಷ ಚಲಾವಣೆಯಲ್ಲಿ ಪೆನ್ನಿಗಳು ಬೇಕಾದಷ್ಟು ಇದ್ದವು, ಹಾಗಾಗಿ ಹೊಸದಾಗಿ ಅಚ್ಚು ಹಾಕುವ ಅಗತ್ಯವೇ ಬೀಳಲಿಲ್ಲ. ಆದರೆ ಕಟ್ಟಡಗಳ ಅಡಿಗಲ್ಲಿನ ಕೆಳಗೆ ಆ ವರ್ಷದ ನಾಣ್ಯಗಳನ್ನು ಇಡುವ ರೂಢಿ ಇತ್ತು. ಅದಕ್ಕಾಗಿ, ಜೊತೆಗೆ ವಸ್ತುಸಂಗ್ರಹಾಲಯಗಳಿಗೆ ಅಂತ, ಬೆರಳೆಣಿಕೆಯಷ್ಟು ಮಾಡಿದರು. ಏಳೆಂಟು ಇರಬಹುದು. 1970ರಲ್ಲಿ ಕಳ್ಳರು ಲೀಡ್ಸಿನ ಒಂದು ಚರ್ಚಿನ ಅಡಿಗಲ್ಲು ಕಿತ್ತು ಅದರ ಕೆಳಗಿದ್ದ ಪೆನ್ನಿಯನ್ನು ಹೊಡೆದುಕೊಂಡು ಹೋದರು. ಇದನ್ನು ಕಂಡು ಅಲ್ಲೇ ಇನ್ನೊಂದು ಚರ್ಚಿನವರು, ನಮ್ಮದಕ್ಕೂ ಇದೇ ಗತಿ ಆದೀತು ಅಂತ, ತಾವೇ ಅಗೆದು ತೆಗೆದು ಮಾರಿಬಿಟ್ಟರು. ಒಂದು ಪೆನ್ನಿಗೋಸ್ಕರ ಅಡಿಗಲ್ಲು ಅಲುಗಾಡಿತು ನೋಡಿ.

ಇನ್ನು ನಾಣ್ಯದ ಮೇಲಿನ ಇಸವಿ. ಅದನ್ನೂ ಪೂರ್ತಿ ನಂಬುವಂತಿಲ್ಲ. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ 1780ರಲ್ಲಿ ತೀರಿಕೊಂಡಳು. ಆಕೆಯ ಮುಖವಿರುವ ಬೆಳ್ಳಿಯ ಥಾಲರ್ ಅರೇಬಿಯಾ, ಇಥಿಯೋಪಿಯಾ ಕಡೆಯ ವ್ಯಾಪಾರಿಗಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಬೇರೆ ನಾಣ್ಯ ಕೊಟ್ಟರೆ ಅವರು ಅನುಮಾನ ಪಡುತ್ತಿದ್ದರು. ಸರಿ, ಅದೇ ಮುಖ, ಅದೇ 1780 ಇಟ್ಟುಕೊಂಡು ಅಚ್ಚು ಹಾಕುತ್ತಲೇ ಹೋದರು. ವಿಯೆನ್ನಾದಲ್ಲಿ, ಆಮೇಲೆ ರೋಮಿನಲ್ಲಿ, ಲಂಡನ್ನಿನಲ್ಲಿ, ಹೀಗೆ ಹಲವು ಊರುಗಳಲ್ಲಿ, ಕೋಟಿಗಟ್ಟಲೆ. ಆಸ್ಟ್ರಿಯದ ಟಂಕಸಾಲೆಯಿಂದ ಇವತ್ತಿಗೂ ಹೊಸ ಥಾಲರ್ ಸಿಗುತ್ತದೆ, 1780 ಅಂತಲೇ ಬರೆದಿರುತ್ತದೆ. 28 ಗ್ರಾಂ ತೂಕ, ಆರರಲ್ಲಿ ಐದು ಪಾಲು ಬೆಳ್ಳಿ. ಹೆಚ್ಚಿನವಕ್ಕೆ ಆ ಬೆಳ್ಳಿಯದ್ದೇ ಬೆಲೆ. ಕೆಲವು ಹಳೆಯ ಅಚ್ಚಿನವು ಮಾತ್ರ ಬೇರೆ. ಅವುಗಳನ್ನು ಗುರುತಿಸಲು ರಾಣಿಯ ಬ್ರೂಚಿನ ಮೇಲಿನ ಮುತ್ತು, ಹದ್ದಿನ ಬಾಲದ ಗರಿ ಎಣಿಸುವ ತಾಳ್ಮೆ ಬೇಕು.

1804ರ ಅಮೆರಿಕನ್ ಡಾಲರ್ ಕಥೆ ಇನ್ನೂ ತಮಾಷೆಯದು. 1804 ಅಂತ ಇಸವಿ ಇರುವ ಒಂದೇ ಒಂದು ಡಾಲರ್ ಕೂಡ 1804ರಲ್ಲಿ ಅಚ್ಚಾದದ್ದಲ್ಲ. ಆ ವರ್ಷ ಹಳೆಯ ಇಸವಿಯ ಅಚ್ಚನ್ನೇ ಬಳಸಿದ್ದರು. ಮೂವತ್ತು ವರ್ಷ ಕಳೆದ ಮೇಲೆ ಮಸ್ಕತ್ತಿನ ಸುಲ್ತಾನ, ಸಿಯಾಮಿನ ರಾಜ ಮುಂತಾದವರಿಗೆ ಉಡುಗೊರೆ ಕೊಡಲು ನಾಣ್ಯಗಳ ಪೂರ್ತಿ ಸೆಟ್ ಬೇಕಾಯಿತು. ಆಗ ಮಾಡಿದ್ದು ಈ ಇಸವಿಯ ಡಾಲರ್. ಆಮೇಲೆ ಇನ್ನಷ್ಟನ್ನು ಕದ್ದುಮುಚ್ಚಿ ಅಚ್ಚು ಹಾಕಿದ್ದೂ ಆಯಿತು. ಎಲ್ಲ ಸೇರಿ ಸುಮಾರು 15 ಇವೆ. ಸುಲ್ತಾನರ ಪ್ರತಿ 1999ರಲ್ಲಿ 41 ಲಕ್ಷ ಡಾಲರಿಗೆ ಹೋಯಿತು.

ವಯಸ್ಸು ಬಿಡಿ, ಇಸವಿಯನ್ನೂ ನೆಚ್ಚಬೇಡಿ ಅಂದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ತಕ್ಕಡಿಯಿಂದ. ಒಂದು ಗ್ರಾಮಿನ ನೂರನೇ ಒಂದು ಪಾಲು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನಾಣ್ಯ ಚಿನ್ನದ್ದೋ ಬೆಳ್ಳಿಯದ್ದೋ ಆಗಿದ್ದರೆ ಅದಕ್ಕೊಂದು ಕನಿಷ್ಠ ಬೆಲೆ ಇದ್ದೇ ಇರುತ್ತದೆ. ತೂಕ, ಶುದ್ಧತೆ, ಆ ದಿನದ ಲೋಹದ ದರ, ಮೂರನ್ನೂ ಗುಣಿಸಿದರೆ ಆಯಿತು. ಬ್ರಿಟಿಷ್ ಸಾವರಿನ್ ತೂಗುವುದು 7.988 ಗ್ರಾಂ, 22 ಕ್ಯಾರೆಟ್. ಅಂದರೆ ಅದರಲ್ಲಿರುವ ಅಪ್ಪಟ ಚಿನ್ನ 7.32 ಗ್ರಾಂ. ಅದರ ಮೇಲೆ ಯಾವ ರಾಜ ಇದ್ದಾನೆ, ಯಾವ ರಾಣಿ ಇದ್ದಾಳೆ ಅನ್ನುವುದು ಹೆಚ್ಚಿನ ಸಲ ಆಮೇಲಿನ ಮಾತು.

ಬೆಳ್ಳಿಯಲ್ಲಿ ಸ್ವಲ್ಪ ಹುಷಾರಾಗಿರಬೇಕು. ಬ್ರಿಟನ್ನಿನ ಹಾಫ್ ಕ್ರೌನ್ ನೋಡಿ. ಉದ್ದಕ್ಕೂ ಒಂದೇ ಅಳತೆ, ಹೆಚ್ಚುಕಮ್ಮಿ ಒಂದೇ ರೂಪ, ತೂಕ 14.14 ಗ್ರಾಂ. 1919ರವರೆಗಿನದರಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ, ಅಂದರೆ 13 ಗ್ರಾಂ. 1920ರಿಂದ 1946ರವರೆಗೆ ಅರ್ಧಕ್ಕರ್ಧ, 7 ಗ್ರಾಂ. 1947ರಿಂದ ತಾಮ್ರ ಮತ್ತು ನಿಕಲ್, ಬೆಳ್ಳಿ ಸೊನ್ನೆ. ಮಹಾಯುದ್ಧಗಳು ಖಜಾನೆಗೆ ಏನು ಮಾಡಿದವು ಅನ್ನುವುದು ಈ ಒಂದು ನಾಣ್ಯದಲ್ಲಿ ಕಾಣುತ್ತದೆ. ಮೂರನ್ನೂ ಒಂದೇ ಡಬ್ಬಿಗೆ ಹಾಕಿ “ಬೆಳ್ಳಿ ನಾಣ್ಯ” ಅಂತ ಚೀಟಿ ಅಂಟಿಸಿಟ್ಟವರು ತುಂಬಾ ಜನ.

ಲೋಹದ ಬೆಲೆಯ ಬಗ್ಗೆ ಸಂಗ್ರಾಹಕರಿಗೆ ಸ್ವಲ್ಪ ತಾತ್ಸಾರ. ನನಗಿಲ್ಲ. ಮನೆಮನೆಗಳಲ್ಲಿ ಉಳಿದಿರುವ ಹಳೆಯ ಬೆಳ್ಳಿಯ ಬಹುಪಾಲು ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ. ಅದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ ಅದಕ್ಕಿಂತ ತೀರಾ ಕಡಿಮೆಗೆ ಯಾರೂ ನಮ್ಮ ಕೈಯಿಂದ ಕಿತ್ತುಕೊಳ್ಳಲಾರರು. ಕೊಳ್ಳುವವರು ಪೂರ್ತಿ ದರ ಕೊಡುವುದಿಲ್ಲ, ತಮ್ಮ ಲಾಭ ಮುರಿದುಕೊಂಡೇ ಕೊಡುತ್ತಾರೆ. ಅದು ವ್ಯಾಪಾರ.

ಇನ್ನು ಸ್ಥಿತಿ. ಜಗಳ, ಮನಸ್ತಾಪ ಎಲ್ಲ ಹುಟ್ಟುವುದು ಇಲ್ಲಿ.

ಹೊಸ ನಾಣ್ಯದ ಮೇಲೆ ಒಂದು ಹೊಳಪು ಇರುತ್ತದೆ. ಪಾಲಿಶ್ ಮಾಡಿದ ಪಾತ್ರೆಯ ಹೊಳಪಿಗೂ ಇದಕ್ಕೂ ಸಂಬಂಧವಿಲ್ಲ. ಅಚ್ಚು ಬಲವಾಗಿ ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತದೆ. ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿಸಿ ತಿರುಗಿಸಿದರೆ ಬೆಳಕು ಗಾಡಿ ಚಕ್ರದ ಅರೆಗಳಂತೆ ಸುತ್ತುವುದು ಆ ಗೆರೆಗಳಿಂದ. ಇದು ಹುಟ್ಟುವಾಗ ಒಮ್ಮೆ ಮಾತ್ರ ಬರುತ್ತದೆ. ಹೋದರೆ ಹೋಯಿತು. ಬಟ್ಟೆಯಲ್ಲಿ ಉಜ್ಜಿದರೂ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೂ, ಆಮ್ಲದಲ್ಲಿ ಅದ್ದಿದರೂ ಮೇಲಿನ ಪದರ ಕಿತ್ತುಬರುತ್ತದೆ. ಆಮೇಲೆ ನಾಣ್ಯ ಫಳಫಳ ಹೊಳೆಯುತ್ತದೆ ನಿಜ. ತಿಳಿದವರ ಕಣ್ಣಿಗೆ ಅದು ಸತ್ತ ಹೊಳಪು. ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಓಡುತ್ತಿರುತ್ತವೆ.

ಅದಕ್ಕೇ ತೊಳೆಯಬೇಡಿ ಅಂತ ಎಲ್ಲರೂ ಹೇಳುವುದು. ಹೇಳಿದರೂ ತೊಳೆಯುತ್ತಾರೆ. ಮಾರುವ ಮುಂಚೆ ಚಂದ ಕಾಣಿಸಬೇಕು ಅನ್ನುವ ಆಸೆ ಮನುಷ್ಯರಿಗೆ ಸಹಜ. ಆದರೆ ಬೆಳ್ಳಿಯ ಮೇಲಿನ ಕಪ್ಪು, ತಾಮ್ರದ ಮೇಲಿನ ಕಂದು, ಇವೆಲ್ಲ ಲೋಹ ಗಾಳಿಯ ಜೊತೆ ನಿಧಾನವಾಗಿ ಬೆಳೆಸಿಕೊಂಡ ಪದರಗಳು. ಒಳಗಿನದನ್ನು ಅವು ಕಾಯುತ್ತವೆ. ತೊಳೆದ ನಾಣ್ಯಕ್ಕೆ ಕೆಲವೊಮ್ಮೆ ಅರ್ಧ ಬೆಲೆಯೂ ಸಿಗುವುದಿಲ್ಲ. ಹಸಿರಾಗಿ ಅಂಟಂಟಾಗಿ ಕಂಡರೆ ಮಾತ್ರ ತಡ ಮಾಡಬಾರದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಹಾಗಾಗುತ್ತದೆ, ಮತ್ತು ಅದು ಲೋಹವನ್ನು ತಿನ್ನುತ್ತದೆ. ಅದಕ್ಕೆ ಅಪ್ಪಟ ಅಸಿಟೋನ್ ಬಳಸುತ್ತಾರೆ, ಉಜ್ಜದೆ.

ಸ್ಥಿತಿಯನ್ನು ಅಂಕಿಯಲ್ಲಿ ಹೇಳುವ ಪದ್ಧತಿ ತಂದವನು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. 1949ರಲ್ಲಿ, ಹಳೆಯ ದೊಡ್ಡ ತಾಮ್ರದ ಸೆಂಟುಗಳಿಗಾಗಿ, 1ರಿಂದ 70ರವರೆಗಿನ ಅಳತೆಯೊಂದನ್ನು ಮಾಡಿದ. ಅವನ ತರ್ಕ ಮುದ್ದಾಗಿತ್ತು: ತೀರಾ ಸವೆದು ಗುರುತಷ್ಟೇ ಸಿಗುವ ನಾಣ್ಯ 1 ಡಾಲರ್ ಬಾಳಿದರೆ, ಯಾವ ಕುಂದೂ ಇಲ್ಲದ್ದು 70 ಡಾಲರ್. ಅಂಕಿಯೇ ಬೆಲೆಯ ಲೆಕ್ಕ. ಆ ಲೆಕ್ಕ ಬೇಗ ಮುರಿದುಬಿತ್ತು, ಅಂಕಿಗಳು ಮಾತ್ರ ಉಳಿದವು. ಈಗ 65ಕ್ಕೂ 66ಕ್ಕೂ ನಡುವೆ ಬೆಲೆ ಎರಡು ಪಟ್ಟು, ನಾಲ್ಕು ಪಟ್ಟು ಏರುವುದುಂಟು. ಆ ಎರಡರ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದೇ ಕಷ್ಟ. ಅಂದಹಾಗೆ ಈ ಶೆಲ್ಡನ್ ಮಹಾಶಯ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಆ ಜಾಗದಲ್ಲಿ ತನ್ನ ಕಳಪೆ ಪ್ರತಿಗಳನ್ನು ಇಟ್ಟಿದ್ದ ಅನ್ನುವುದು ಅವನು ಸತ್ತು ವರ್ಷಗಳಾದ ಮೇಲೆ ಬಯಲಾಯಿತು. ಸ್ಥಿತಿಯ ಬೆಲೆ ಅವನಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು, ಅಲ್ವಾ?

1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಶುರುವಾದವು. ಶುಲ್ಕ ಕೊಟ್ಟು ನಾಣ್ಯ ಕಳಿಸಿದರೆ ಅಸಲಿಯೋ ನಕಲಿಯೋ ನೋಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರೆ. ಸ್ಲ್ಯಾಬ್ ಅಂತ ಕರೆಯುತ್ತಾರೆ. ದುಬಾರಿ ನಾಣ್ಯಕ್ಕೆ ಇದು ಬೇಕೇ ಬೇಕು. ಸಾಧಾರಣ ನಾಣ್ಯಕ್ಕೆ ನಾಣ್ಯದ ಬೆಲೆಗಿಂತ ಡಬ್ಬಿಯ ಖರ್ಚೇ ಜಾಸ್ತಿ. ನನಗೆ ಹೆಚ್ಚು ಉಪಯೋಗ ಕಾಣುವುದು ಅವರು ಪ್ರಕಟಿಸುವ ಲೆಕ್ಕದಲ್ಲಿ. ಯಾವ ನಾಣ್ಯ, ಯಾವ ಅಂಕದಲ್ಲಿ, ಎಷ್ಟು ಬಂದಿವೆ ಅಂತ ಅಲ್ಲಿ ಇರುತ್ತದೆ. ‘ಎಷ್ಟು ಉಳಿದಿವೆ’ ಅನ್ನುವುದಕ್ಕೆ ನಮಗೆ ಸಿಗುವ ಹತ್ತಿರದ ಉತ್ತರ ಅದು. ಒಂದೇ ನಾಣ್ಯವನ್ನು ಹೆಚ್ಚು ಅಂಕದ ಆಸೆಗೆ ಮತ್ತೆ ಮತ್ತೆ ಕಳಿಸುವವರೂ ಇದ್ದಾರೆ, ಹಾಗಾಗಿ ಆ ಲೆಕ್ಕವನ್ನೂ ಒಂದು ಚಿಟಿಕೆ ಅನುಮಾನ ಇಟ್ಟುಕೊಂಡೇ ಓದಬೇಕು.

ಎಷ್ಟು ಉಳಿದಿವೆ ಅನ್ನುವುದು ತಕ್ಕಡಿಯ ಒಂದು ತಟ್ಟೆ. ಇನ್ನೊಂದು ತಟ್ಟೆಯಲ್ಲಿ ಕೂರುವವರು ಬೇಕು ಅನ್ನುವವರು. 1909ರಲ್ಲಿ ಲಿಂಕನ್ ಮುಖದ ಸೆಂಟ್ ಬಂದಾಗ ಕಲಾವಿದ ವಿಕ್ಟರ್ ಡೇವಿಡ್ ಬ್ರೆನ್ನರ್ ತನ್ನ ಹೆಸರಿನ ಮೂರು ಅಕ್ಷರಗಳನ್ನು ಹಿಂಬದಿಯ ಕೆಳಗೆ ಹಾಕಿದ್ದ. ತೀರಾ ಎದ್ದು ಕಾಣುತ್ತದೆ ಅಂತ ಗಲಾಟೆಯಾಗಿ ಕೆಲವೇ ದಿನಗಳಲ್ಲಿ ತೆಗೆದುಹಾಕಿದರು. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 4,84,000 ನಾಣ್ಯ ಅಚ್ಚಾಗಿದ್ದವು. ನಾಲ್ಕು ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ! ಅಪರೂಪ ಅನ್ನಲಾಗುವುದಿಲ್ಲ. ಆದರೂ ಸವೆದ ಪ್ರತಿಗೂ ನೂರಾರು ಡಾಲರ್. ಯಾಕೆಂದರೆ ಲಿಂಕನ್ ಸೆಂಟ್ ಕೂಡಿಸುವವರು ಲಕ್ಷಾಂತರ ಜನ. ಅವರ ಆಲ್ಬಮ್ಮಿನಲ್ಲಿ ಖಾಲಿ ಉಳಿಯುವ ತೂತು ಇದೇ. ಫಿಲಡೆಲ್ಫಿಯಾದಲ್ಲಿ ಅದೇ ಅಕ್ಷರಗಳೊಂದಿಗೆ ಎರಡು ಕೋಟಿ ಎಂಬತ್ತು ಲಕ್ಷದಷ್ಟು ಅಚ್ಚಾದವು, ಅವು ಅಗ್ಗ. ಇಸವಿಯ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋದ ಗುರುತಾದ ‘ಎಸ್’ ಎಂಬ ಒಂದು ಅಕ್ಷರ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಇಷ್ಟೆಲ್ಲ. ಇನ್ನೊಂದು ಕಡೆ, ಯಾವುದೋ ಪುಟ್ಟ ಸಂಸ್ಥಾನ ಯಾವುದೋ ವರ್ಷ ಐದು ಸಾವಿರವಷ್ಟೇ ಮಾಡಿದ ನಾಣ್ಯ ಕೇಳುವವರಿಲ್ಲದೆ ಬಿದ್ದಿರುತ್ತದೆ. ಆ ಸಂಸ್ಥಾನದ ನಾಣ್ಯ ಕೂಡಿಸುವವರು ಜಗತ್ತಿನಲ್ಲಿ ಹತ್ತೇ ಜನ, ಹತ್ತೂ ಜನರ ಬಳಿ ಅದು ಆಗಲೇ ಇದೆ.

ಹಾಗೆ ನೋಡಿದರೆ ಇಬ್ಬರು ಸಂಗ್ರಾಹಕರು ಹಟಕ್ಕೆ ಬಿದ್ದರೆ ಬೆಲೆ ಗಗನಕ್ಕೆ. ಒಬ್ಬನಿಗೆ ಅದು ಸಿಕ್ಕ ಮೇಲೆ ಮುಂದಿನ ಹರಾಜಿನಲ್ಲಿ ಅಂಥದ್ದೇ ನಾಣ್ಯ ಅರ್ಧಕ್ಕೆ ಹೋಗಬಹುದು. ಒಂದು ಹರಾಜಿನ ಒಂದು ಅಂಕಿ ಹಿಡಿದು ಕೂರಬಾರದು ಅನ್ನುವುದು ಇದಕ್ಕೇ.

ಅಸಲಿಯೋ ನಕಲಿಯೋ ಅನ್ನುವುದು ಬೇರೆಯೇ ಲೋಕ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕೆಂದು ಅಮೆರಿಕದವರು ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿದರು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಯಂತ್ರಕ್ಕೆ ಸೇರಿಕೊಂಡು ಬೆರಳೆಣಿಕೆಯಷ್ಟು ಕಂಚಿನ ಸೆಂಟ್ ಹುಟ್ಟಿದವು. ಅವುಗಳಿಗೆ ಲಕ್ಷಗಟ್ಟಲೆ ಡಾಲರ್. ಅಂದಮೇಲೆ ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಹಾಕುವವರು ಹುಟ್ಟಿಕೊಂಡರು. ಒಂದು ಆಯಸ್ಕಾಂತ ಹಿಡಿದರೆ ಅಂಟಿಕೊಂಡು ಬಣ್ಣ ಬಯಲು. ಇನ್ನು ಕೆಲವರು 1948ರ ಕಂಚಿನ ಸೆಂಟಿನ 8ರ ಎಡಭಾಗ ಕೆರೆದು 3 ಮಾಡಿದರು. ಅದಕ್ಕೆ ಆಯಸ್ಕಾಂತ ಏನೂ ಮಾಡದು, ಅಂಕಿಯ ರೂಪ ಗೊತ್ತಿರುವ ಕಣ್ಣೇ ಬೇಕು. ಎರಕ ಹೊಯ್ದ ನಕಲಿಗಳು ಅಂಚಿನಲ್ಲಿ ಸಿಕ್ಕಿಬೀಳುತ್ತವೆ: ಸುತ್ತಲೂ ಒಂದು ಸಣ್ಣ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ಗುಂಡಿಗಳು. ಎಲ್ಲರೂ ಮುಖ ನೋಡುತ್ತಾರೆ, ಅಂಚು ನೋಡುವುದಿಲ್ಲ. ನಾನು ಮೊದಲು ನೋಡುವುದೇ ಅಂಚು.

ನಕಲಿಯನ್ನು ಅಸಲಿ ಅನ್ನುವುದರ ಜೊತೆಗೆ ಅಸಲಿಯನ್ನು ನಕಲಿ ಅನ್ನುವುದೂ ನಡೆಯುತ್ತದೆ. 1913ರ ಲಿಬರ್ಟಿ ನಿಕಲ್ ಅಂತ ಒಂದು ಐದು ಸೆಂಟಿನ ನಾಣ್ಯ ಇದೆ. ಸರ್ಕಾರದ ಅಪ್ಪಣೆ ಇಲ್ಲದೆ, ದಾಖಲೆಯೂ ಇಲ್ಲದೆ, ಟಂಕಸಾಲೆಯ ಒಳಗೇ ಯಾರೋ ಐದೇ ಐದು ಮಾಡಿದರು. ಅವುಗಳಲ್ಲಿ ಒಂದರ ಒಡೆಯ 1962ರಲ್ಲಿ ಕಾರು ಅಪಘಾತದಲ್ಲಿ ಸತ್ತ. ನಾಣ್ಯ ಆ ಕಾರಿನಲ್ಲೇ ಇತ್ತು, ಸಿಕ್ಕಿತು. ವಾರಸುದಾರರು ತೋರಿಸಿದಾಗ ತಜ್ಞರು ಇದು ಇಸವಿ ತಿದ್ದಿದ ನಕಲಿ ಅಂದುಬಿಟ್ಟರು. ಅವನ ಅಕ್ಕತಂಗಿಯರಲ್ಲಿ ಒಬ್ಬಳು ಅದನ್ನು ಬಟ್ಟೆಯ ಬೀರುವಿನಲ್ಲಿ ಇಟ್ಟಳು. ನಲವತ್ತು ವರ್ಷ ಅಲ್ಲೇ ಇತ್ತು. 2003ರಲ್ಲಿ ಬಾಲ್ಟಿಮೋರಿನಲ್ಲಿ ಉಳಿದ ನಾಲ್ಕೂ ಒಂದೆಡೆ ಸೇರಿದಾಗ ಮನೆಯವರು ಇದನ್ನೂ ತೆಗೆದುಕೊಂಡು ಹೋದರು. ತಜ್ಞರು ರಾತ್ರಿ ಕೂತು ನಾಲ್ಕರ ಪಕ್ಕದಲ್ಲಿಟ್ಟು ಹೋಲಿಸಿದರು. ಐದನೆಯದು ಅದೇ. 2013ರಲ್ಲಿ ಅದು 31 ಲಕ್ಷ 72 ಸಾವಿರ ಡಾಲರಿಗೆ ಮಾರಾಟವಾಯಿತು. ಒಬ್ಬ ಪರಿಣತರ ಒಂದು ಮಾತಿಗೆ ಇಷ್ಟು ತೂಕ. ಹಾಗಾಗಿ ಅಭಿಪ್ರಾಯ ಕೇಳುವುದಾದರೆ ಇಬ್ಬರನ್ನು ಕೇಳಿ. ಅದರಲ್ಲೂ ಒಬ್ಬರು ನಿಮ್ಮಿಂದ ಅದನ್ನು ಕೊಳ್ಳುವ ಆಸೆ ಇಲ್ಲದವರಾಗಿರಲಿ.

ಇಷ್ಟೆಲ್ಲ ಆದ ಮೇಲೆ, ಬೆಲೆ ನೋಡುವುದು ಎಲ್ಲಿ? ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಕೇಳುವ ಬೆಲೆ. ಯಾರು ಏನು ಬೇಕಾದರೂ ಕೇಳಬಹುದು, ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ. ಸವೆದ ಸಾಧಾರಣ ನಾಣ್ಯಕ್ಕೆ ಕೋಟಿ ಅಂತ ಹಾಕಿದ ಜಾಹೀರಾತು ವರ್ಷಗಟ್ಟಲೆ ಹಾಗೇ ನಿಂತಿರುತ್ತದೆ. ಅದನ್ನು ನೋಡಿ ಇನ್ನೊಬ್ಬರು ಒಂದೂವರೆ ಕೋಟಿ ಹಾಕುತ್ತಾರೆ. ಈಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿದ ಕೂಡಲೇ ಚಿತ್ರ ಬದಲಾಗುತ್ತದೆ. ನಾಣ್ಯ ಯಾವುದೆಂದು ಗುರುತಿಸಲು ನ್ಯೂಮಿಸ್ಟಾ ಎಂಬ ಜಾಲತಾಣ ಚೆನ್ನಾಗಿದೆ, ಪುಕ್ಕಟೆ. ದೊಡ್ಡ ಹರಾಜು ಮನೆಗಳು ತಮ್ಮ ಹಳೆಯ ಮಾರಾಟದ ಬೆಲೆಗಳನ್ನು ಫೋಟೋ ಸಮೇತ ಇಟ್ಟಿರುತ್ತವೆ. ಅಲ್ಲಿ ನಿಮ್ಮ ನಾಣ್ಯದಂಥದ್ದೇ, ಅದೇ ಇಸವಿ, ಅದೇ ಟಂಕಸಾಲೆಯ ಗುರುತು, ಅಷ್ಟೇ ಸವೆತ ಇರುವ ಐದಾರು ಮಾರಾಟ ಹುಡುಕಿ. ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಟ್ಟರೆ ಉಳಿದದ್ದೇ ನಿಮ್ಮ ಉತ್ತರ. ಹುಡುಕುವಾಗ ನಮ್ಮ ನಾಣ್ಯವನ್ನು ಇದ್ದದ್ದಕ್ಕಿಂತ ಚೆನ್ನಾಗಿದೆ ಅಂದುಕೊಳ್ಳುವ ಚಪಲ ಒಂದಿದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಆ ಬೆಲೆಯಲ್ಲೂ ಒಂದು ಪದರ ಇದೆ. 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸೀಸರನ ಕೊಲೆಯ ನೆನಪಿಗೆ ಬ್ರೂಟಸ್ ಅಚ್ಚು ಹಾಕಿಸಿದ ಚಿನ್ನದ ನಾಣ್ಯವೊಂದು ಮಾರಾಟವಾಯಿತು. ಸುತ್ತಿಗೆ ಬಿದ್ದದ್ದು 27 ಲಕ್ಷ ಪೌಂಡಿಗೆ. ಕೊಂಡವರು ಕೊಟ್ಟದ್ದು 32 ಲಕ್ಷ 40 ಸಾವಿರ. ನಡುವಿನದು ಹರಾಜು ಮನೆಯ ಕಮಿಷನ್, ನೂರಕ್ಕೆ ಇಪ್ಪತ್ತು. ಮಾರುವವರಿಂದಲೂ ಒಂದಿಷ್ಟು ಮುರಿದುಕೊಳ್ಳುವುದುಂಟು. ಪೇಪರಿನಲ್ಲಿ ಬರುವುದು ಸಾಮಾನ್ಯವಾಗಿ ದೊಡ್ಡ ಅಂಕಿ, ಮಾರುವವರ ಕೈಗೆ ಬರುವುದು ಚಿಕ್ಕದು. ಡೀಲರಿಗೆ ನೇರ ಮಾರಿದರೂ ಅಷ್ಟೇ. ಅವರು ಅಂಗಡಿಯಲ್ಲಿ ನೂರಕ್ಕೆ ಮಾರುವುದನ್ನು ನಮ್ಮಿಂದ ನೂರಕ್ಕೆ ಕೊಳ್ಳುವುದಿಲ್ಲ. ಕ್ಯಾಟಲಾಗಿನ ಬೆಲೆ ಅಂದರೆ ಅವರು ಮಾರುವ ಬೆಲೆ. ಈ ವಿಷಯದಲ್ಲಿ ಡೀಲರುಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆದರೆ “ನಿಮ್ಮ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಕಟ್ಟಿ” ಅನ್ನುವವರು ಬಂದರೆ ಫೋನ್ ಇಟ್ಟುಬಿಡಿ. ಕೊಳ್ಳುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ.

ಆ ಬ್ರೂಟಸನ ನಾಣ್ಯಕ್ಕೆ ಇನ್ನೂ ಒಂದು ತಿರುವು ಇತ್ತು. ಅದು ಎಲ್ಲಿಂದ ಬಂತು ಅನ್ನುವ ಕಾಗದಗಳು ಸುಳ್ಳು ಅಂತ ತನಿಖೆಯಲ್ಲಿ ಗೊತ್ತಾಯಿತು. 2023ರಲ್ಲಿ ನ್ಯೂಯಾರ್ಕಿನ ಅಧಿಕಾರಿಗಳು ಅದನ್ನು ಗ್ರೀಸ್ ದೇಶಕ್ಕೆ ವಾಪಸ್ ಕೊಟ್ಟರು. ನಾಣ್ಯ ಅಸಲಿ, ಅಪರೂಪ, ಅದ್ಭುತ ಸ್ಥಿತಿಯದು. ಕಾಗದ ಮಾತ್ರ ಕೆಟ್ಟದ್ದು.

ಕಾಗದ ಒಳ್ಳೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1933ರ ಅಮೆರಿಕದ 20 ಡಾಲರಿನ ಚಿನ್ನದ ನಾಣ್ಯ ಇದೆ. 4,45,500 ಅಚ್ಚಾದವು, ಆದರೆ ಸರ್ಕಾರ ಚಿನ್ನದ ಚಲಾವಣೆ ನಿಲ್ಲಿಸಿದ್ದರಿಂದ ಹೊರಗೆ ಬಿಡದೆ ಕರಗಿಸಿದರು. ಕೆಲವು ಹೇಗೋ ಜಾರಿಕೊಂಡವು. ಒಂದು ಈಜಿಪ್ಟಿನ ರಾಜ ಫಾರೂಕನ ಕೈಸೇರಿತು. ಅದನ್ನು ದೇಶದಿಂದ ಒಯ್ಯಲು 1944ರಲ್ಲಿ ಅಮೆರಿಕದ ಖಜಾನೆ ಇಲಾಖೆಯೇ ಪರವಾನಗಿ ಕೊಟ್ಟಿತ್ತು, ಏನು ಕೊಡುತ್ತಿದ್ದೇವೆ ಅನ್ನುವುದು ತಲೆಗೆ ಹೋಗದೆ. ಆ ಒಂದು ಹಾಳೆಯ ಬಲದಿಂದ ಅದೊಂದೇ ನಾಣ್ಯ ಖಾಸಗಿಯಾಗಿ ಇಟ್ಟುಕೊಳ್ಳಲು ಕಾನೂನುಬದ್ಧವಾಯಿತು. 2002ರಲ್ಲಿ ಅದು 75 ಲಕ್ಷ 90 ಸಾವಿರ ಡಾಲರಿಗೆ ಹೋದಾಗ, ಚಲಾವಣೆಗೆ ಬಿಟ್ಟಂತೆ ಆಗಲಿ ಅಂತ ಮುಖಬೆಲೆಯ 20 ಡಾಲರನ್ನೂ ಸೇರಿಸಿ ವಸೂಲು ಮಾಡಿದರು. 2021ರಲ್ಲಿ ಅದೇ ನಾಣ್ಯ ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಮಾರಾಟವಾಯಿತು. ಈ ನಡುವೆ ಒಂದು ಕುಟುಂಬಕ್ಕೆ ತಮ್ಮ ಬ್ಯಾಂಕ್ ಲಾಕರಿನಲ್ಲಿ ಅಂಥವೇ ಹತ್ತು ಸಿಕ್ಕಿದವು. ಅಸಲಿಯೇ ನೋಡಿ ಹೇಳಿ ಅಂತ 2004ರಲ್ಲಿ ಟಂಕಸಾಲೆಗೆ ಕೊಟ್ಟರು. ಅಸಲಿ ಅಂತ ಹೇಳಿದ ಟಂಕಸಾಲೆ ವಾಪಸ್ ಕೊಡಲಿಲ್ಲ, ಇವು ಕದ್ದ ಸರ್ಕಾರಿ ಸ್ವತ್ತು ಅಂದಿತು. ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆದಾಡಿ 2017ರಲ್ಲಿ ಸುಪ್ರೀಂ ಕೋರ್ಟ್ ಕೈಚೆಲ್ಲಿದಾಗ ಕುಟುಂಬಕ್ಕೆ ಉಳಿದದ್ದು ಏನೂ ಇಲ್ಲ.

ಹಾಗಾಗಿ ನಾಣ್ಯದ ಜೊತೆ ಒಂದು ಹಳೆಯ ರಸೀದಿ, ಲಕೋಟೆ, ಯಾರೋ ಪೆನ್ಸಿಲಿನಲ್ಲಿ ಬರೆದ ಚೀಟಿ, ಏನೇ ಇರಲಿ, ಎಸೆಯಬೇಡಿ. ಏನೂ ಇಲ್ಲದಿದ್ದರೆ ನೀವೇ ಬರೆದಿಡಿ: ಯಾರಿಂದ ಬಂತು, ಯಾವಾಗ ಬಂತು, ತೂಕ ಎಷ್ಟು. ಚೀಟಿಯನ್ನು ನಾಣ್ಯಕ್ಕೆ ಅಂಟಿಸಬೇಡಿ, ಲಕೋಟೆಯ ಮೇಲೆ ಬರೆಯಿರಿ. ಮತ್ತೆ ದಯವಿಟ್ಟು ಆ ಮೆತ್ತನೆಯ ಪ್ಲಾಸ್ಟಿಕ್ ಬೇಡ.